ಹಿತ್ತಿಲಿನ ಹಣ್ಣು, ಪೇಟೆಯ ಶೀಶೆ

ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಭಟ್ಕಳ ತಾಲ್ಲೂಕಿನ ತೆಂಗಿನಗುಂಡಿ ಬಂದರಿನಲ್ಲಿ ಆ ದಿನಗಳಲ್ಲಿ ದೋಣಿಗಳು ದಡ ಸೇರಿರುತ್ತವೆ. ಬಲೆಗಳ ದುರಸ್ತಿ ನಡೆದಿರುತ್ತದೆ. ಮನೆಯ ಆದಾಯ ತಗ್ಗಿರುತ್ತದೆ. ಮಳೆಗಾಲವೆಂದರೆ ಕಾಯಿಲೆಗಳ ಕಾಲವೂ ಹೌದು. ಇಂತಹ ಸಮಯದಲ್ಲಿಯೇ ಮನೆಯಲ್ಲಿ ಒಬ್ಬಾಕೆ ಬಸುರಿಯಾಗಿದ್ದು, ಆಕೆಗೆ ಆಯಾಸ, ತಲೆಸುತ್ತು, ಏದುಸಿರು ಇದ್ದರೆ, ಮನೆಯವರ ಮನಸ್ಸು ಯಾವುದಾದರೊಂದು ಉಪಾಯವನ್ನು ಹುಡುಕತೊಡಗುವುದು ಸಹಜ. ನೆರೆಯವರೊಬ್ಬರು ಒಂದು ಶೀಶೆಯ ಹೆಸರನ್ನು ಹೇಳುತ್ತಾರೆ. ಅದು 'ನೈಸರ್ಗಿಕ' ಎನ್ನುತ್ತಾರೆ. ಅದರಲ್ಲಿ 'ಆಂಟಿ ಆಕ್ಸಿಡೆಂಟ್' ಇದೆಯೆನ್ನುತ್ತಾರೆ. ರಕ್ತ ಶುದ್ಧಿಯಾಗುತ್ತದೆ, ಮಗು ಪುಷ್ಟಿಯಾಗುತ್ತದೆ, ಗಂಡಸರ ನಿಶ್ಶಕ್ತಿಗೂ ಅದೇ ಮದ್ದು ಎನ್ನುತ್ತಾರೆ. ಬಲೆಯ ನೂಲಿಗೆಂದು ಇಟ್ಟ ಹಣ ಆ ಶೀಶೆಗೆ ಹೋಗುತ್ತದೆ.

ಆ ಶೀಶೆಯಲ್ಲಿ ಏನಿರುತ್ತದೆ, ಅದರಿಂದ ಆಗುವುದೇನು, ಆಗದಿರುವುದೇನು, ಅದೇ ವಸ್ತುಗಳು ನಮ್ಮ ಹಿತ್ತಿಲಿನಲ್ಲಿಯೂ ಸಂತೆಯಲ್ಲಿಯೂ ಯಾವ ರೂಪದಲ್ಲಿ ದೊರೆಯುತ್ತವೆ ಎಂಬುದನ್ನು ದಂಪತಿಗಳಿಬ್ಬರೂ ಒಟ್ಟಿಗೆ ಕುಳಿತು ಓದಿ ತಿಳಿಯಲೆಂದು ಈ ಪಾಠವನ್ನು ಬರೆಯಲಾಗಿದೆ. ಓದು ಬಾರದ ಹಿರಿಯರು ಮನೆಯಲ್ಲಿದ್ದರೆ ಅವರಿಗೂ ಓದಿ ಹೇಳಬೇಕು. ಶೀಶೆಯನ್ನು ತರಿಸುವ ತೀರ್ಮಾನವು ಅನೇಕ ವೇಳೆ ಅವರದೇ ಆಗಿರುತ್ತದೆ.

ಉತ್ಕರ್ಷಣವೆಂದರೇನು?

ಆಕ್ಸಿಜನ್ ಅಥವಾ ಆಮ್ಲಜನಕವಿಲ್ಲದೆ ನಾವು ಕೆಲವು ನಿಮಿಷಗಳ ಕಾಲವೂ ಬದುಕಲಾರೆವು. ಆದರೆ ಇದೇ ಆಮ್ಲಜನಕವು ವಸ್ತುಗಳೊಡನೆ ಸೇರಿ ಅವುಗಳನ್ನು ಕೆಡಿಸುವ ಗುಣವನ್ನೂ ಹೊಂದಿದೆ. ದೋಣಿಯ ಕಬ್ಬಿಣದ ಲಂಗರು ತುಕ್ಕು ಹಿಡಿಯುವುದು, ಹಳೆಯ ಕೊಬ್ಬರಿ ಎಣ್ಣೆ ಕಮಟು ವಾಸನೆ ಬೀರುವುದು, ಒಣಗಿಸಿಟ್ಟ ತಾರಲೆ ಮೀನಿನ ಎಣ್ಣೆ ಹಳದಿಯಾಗಿ ಕಹಿಯಾಗುವುದು, ಹೆಚ್ಚಿದ ಬದನೆಕಾಯಿ ಅಥವಾ ಬಾಳೆದಿಂಡು ಕಪ್ಪಾಗುವುದು, ಇವೆಲ್ಲವೂ ಒಂದೇ ಬಗೆಯ ಕ್ರಿಯೆಯ ಹಲವು ರೂಪಗಳು. ಇದನ್ನು ಉತ್ಕರ್ಷಣ ಎನ್ನುತ್ತಾರೆ. ಬಾಳೆದಿಂಡನ್ನು ಹೆಚ್ಚಿದ ಕೂಡಲೇ ಮಜ್ಜಿಗೆ ನೀರಿಗೆ ಹಾಕುವ, ಹೆಚ್ಚಿದ ಹಣ್ಣಿಗೆ ನಿಂಬೆರಸ ಹಿಂಡುವ ಗೃಹಿಣಿಯು ಶಾಸ್ತ್ರದ ಹೆಸರನ್ನು ಅರಿಯದೆಯೇ ಉತ್ಕರ್ಷಣವನ್ನು ತಡೆಯುತ್ತಿದ್ದಾಳೆ. ಹೀಗೆ ತಡೆಯುವ ವಸ್ತುವೇ ಉತ್ಕರ್ಷಣ ನಿರೋಧಕ, ಅಂದರೆ ಶೀಶೆಯ ಮೇಲೆ ಬರೆದಿರುವ 'ಆಂಟಿ ಆಕ್ಸಿಡೆಂಟ್'.

ನಮ್ಮ ದೇಹದೊಳಗೂ ಆಹಾರವು ಆಮ್ಲಜನಕದೊಡನೆ ಉರಿದು ಶಕ್ತಿಯಾಗುವಾಗ ಕೆಲವು ಚಂಚಲ ಕಣಗಳು ಹುಟ್ಟುತ್ತವೆ. ಅವು ತಮಗೆ ಕೊರತೆಯಾದುದನ್ನು ಪಕ್ಕದ ಜೀವಕೋಶಗಳಿಂದ ಕಿತ್ತುಕೊಂಡು ಅವುಗಳನ್ನು ಘಾಸಿಗೊಳಿಸುತ್ತವೆ. ಬೀಡಿ ಸಿಗರೇಟುಗಳ ಹೊಗೆ, ಗಾಳಿಯಾಡದ ಅಡುಗೆಮನೆಯ ಒಲೆಯ ಹೊಗೆ, ದೀರ್ಘಕಾಲದ ರೋಗಗಳು ಇಂತಹ ಕಣಗಳನ್ನು ಹೆಚ್ಚಿಸುತ್ತವೆ. ಆದರೆ ದೇಹವು ಕೈಕಟ್ಟಿ ಕುಳಿತಿರುವುದಿಲ್ಲ. ತನ್ನದೇ ಆದ ರಕ್ಷಕ ಕಿಣ್ವಗಳನ್ನು ಅದು ತಯಾರಿಸಿಕೊಳ್ಳುತ್ತದೆ. ಇವುಗಳ ತಯಾರಿಕೆಗೆ ಸತು, ತಾಮ್ರ, ಮ್ಯಾಂಗನೀಸ್, ಸೆಲೆನಿಯಮ್ ಮುಂತಾದ ಖನಿಜಗಳು ಅಲ್ಪ ಪ್ರಮಾಣದಲ್ಲಿ ಬೇಕು. ಇವುಗಳ ಜೊತೆಗೆ ಆಹಾರದಲ್ಲಿ ಬರುವ 'ಸಿ' ಮತ್ತು 'ಇ' ಜೀವಸತ್ವಗಳು ಹಾಗೂ ಹಣ್ಣು ಸೊಪ್ಪುಗಳ ಬಣ್ಣದ ವಸ್ತುಗಳು ಸಹಾಯಕವಾಗುತ್ತವೆ.

ಇಲ್ಲೊಂದು ಮಾತನ್ನು ಮರೆಯಬಾರದು. ಈ ಚಂಚಲ ಕಣಗಳು ಕೇವಲ ಶತ್ರುಗಳಲ್ಲ. ರೋಗಾಣುಗಳು ದೇಹವನ್ನು ಹೊಕ್ಕಾಗ ರಕ್ತದ ಬಿಳಿಯ ಕಣಗಳು ಇವುಗಳನ್ನೇ ಆಯುಧವಾಗಿ ಬಳಸಿ ಅವನ್ನು ಕೊಲ್ಲುತ್ತವೆ. ಒಲೆಯಲ್ಲಿ ಬೆಂಕಿ ಇರಬೇಕು, ಅದು ಮಾಡಿಗೆ ತಾಗಬಾರದು. ದೇಹದ ಏರ್ಪಾಡೂ ಅಂತಹುದೇ. ಇಂತಹ ಏರ್ಪಾಡಿನೊಳಗೆ ಒಂದು ವಸ್ತುವನ್ನು ಬೇಕಾದುದಕ್ಕಿಂತ ಹತ್ತು ಪಟ್ಟು ಸುರಿದರೆ ಹತ್ತು ಪಟ್ಟು ಒಳ್ಳೆಯದಾಗುತ್ತದೆಂದು ಎಣಿಸುವುದು ಸರಿಯಲ್ಲ.

ನಮ್ಮ ನೆಲದಲ್ಲಿರುವುದು

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಜನರಿಗೆ ಈ ವಿಷಯದಲ್ಲಿ ಬಡತನವಿಲ್ಲ. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಘಟ್ಟ. ನಡುವಿನ ಹಿತ್ತಿಲು ತೋಟಗಳಲ್ಲಿ ವರ್ಷದ ಎಲ್ಲ ಕಾಲಗಳಲ್ಲಿಯೂ ಏನಾದರೊಂದು ದೊರೆಯುತ್ತದೆ.

ಮೊದಲು ಮುರುಗಲು. ಕೊಂಕಣಿಯಲ್ಲಿ ಭಿರಂಡ, ದಕ್ಷಿಣದ ಕಡೆಯಲ್ಲಿ ಪುನರ್ಪುಳಿ, ಪೇಟೆಯಲ್ಲಿ ಕೋಕಂ ಎಂದು ಕರೆಯುವುದು ಇದನ್ನೇ. ಬೇಸಿಗೆಯ ಕೊನೆಯಲ್ಲಿ ಹಣ್ಣಾಗುವ ಇದರ ಸಿಪ್ಪೆಯ ಕಡುಗೆಂಪು ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್ ಎಂಬ ವಸ್ತುವು ಒಂದು ಉತ್ಕರ್ಷಣ ನಿರೋಧಕ. ಗಾರ್ಸಿನಾಲ್ ಎಂಬ ಇನ್ನೊಂದು ವಸ್ತುವೂ ಅದರಲ್ಲಿದ್ದು, ಪ್ರಯೋಗಶಾಲೆಗಳಲ್ಲಿ ಅದರ ಪರೀಕ್ಷೆಗಳು ನಡೆದಿವೆ. ಆದರೆ ಗಾಜಿನ ನಳಿಗೆಯಲ್ಲಿ ಜೀವಕೋಶಗಳ ಮೇಲೆ ಕಂಡ ಪರಿಣಾಮವು ಮನುಷ್ಯನ ದೇಹದಲ್ಲಿಯೂ ಹಾಗೆಯೇ ಕಾಣುತ್ತದೆಂದು ಹೇಳಲಾಗದು. ಆದುದರಿಂದ ಮುರುಗಲು ರೋಗಗಳನ್ನು ಗುಣಪಡಿಸುತ್ತದೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಸಾರಿಗೆ ಹುಳಿಯಾಗಿ, ಸೆಕೆಗಾಲದಲ್ಲಿ ತಂಪು ಪಾನಕವಾಗಿ, ಊಟಕ್ಕೆ ರುಚಿಯಾಗಿ ಅದು ಉತ್ತಮವಾದುದು, ಅಷ್ಟು ಸಾಕು. ಪಾನಕವನ್ನು ಮಾಡುವಾಗ ಸಕ್ಕರೆಯನ್ನು ಹಿಡಿತದಲ್ಲಿಡಬೇಕು. ಪೇಟೆಯ ಕೆಂಪು ಷರಬತ್ತುಗಳಲ್ಲಿ ಹಣ್ಣಿಗಿಂತ ಸಕ್ಕರೆಯೇ ಹೆಚ್ಚಾಗಿರುವುದುಂಟು. ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಂಡುಬಂದಿರುವವರಿಗೆ ಅದು ತಕ್ಕುದಲ್ಲ. ಸಿಪ್ಪೆಯನ್ನು ತಂಪು ನೀರಿನಲ್ಲಿ ನೆನೆಸಿ, ಕಿವುಚಿ, ಚಿಟಿಕೆ ಉಪ್ಪು ಮತ್ತು ಜೀರಿಗೆ ಪುಡಿ ಹಾಕಿ ಕುಡಿದರೆ ಬಣ್ಣವೂ ಗುಣವೂ ಬಹಳ ಮಟ್ಟಿಗೆ ಉಳಿಯುತ್ತವೆ. ಬಹಳ ಹೊತ್ತು ಕುದಿಸಿದರೆ ಆ ಕೆಂಪು ವಸ್ತು ನಾಶವಾಗುತ್ತದೆ.

ನೆಲ್ಲಿಕಾಯಿಯ ಮಾತೇ ಬೇರೆ. 'ಸಿ' ಜೀವಸತ್ವವು ಅದರಲ್ಲಿ ಎಷ್ಟು ಹೇರಳವಾಗಿದೆಯೆಂದರೆ ಒಂದೆರಡು ಸಾಧಾರಣ ಗಾತ್ರದ ಕಾಯಿಗಳು ಒಬ್ಬರ ಒಂದು ದಿನದ ಅಗತ್ಯವನ್ನು ಪೂರೈಸಬಲ್ಲವು. ಪೇರಲ ಹಣ್ಣಿನಲ್ಲಿಯೂ ಅದು ಧಾರಾಳವಾಗಿದೆ. ಇನ್ನು ಗೇರುಹಣ್ಣು. ಬೀಜವನ್ನು ತಿರುವಿಕೊಂಡು ಹಣ್ಣನ್ನು ಮರದ ಬುಡದಲ್ಲಿಯೇ ಎಸೆದು ಬರುವುದು ನಮ್ಮ ಕಡೆಯ ರೂಢಿ. ಕಿತ್ತಳೆಗಿಂತ ಹಲವು ಪಟ್ಟು 'ಸಿ' ಜೀವಸತ್ವವಿರುವ ಹಣ್ಣನ್ನು ಮಣ್ಣಿಗೆ ಎಸೆದು, ಅದೇ ಜೀವಸತ್ವದ ಗುಳಿಗೆಗೆ ಹಣ ತೆರುವುದು ವಿಚಿತ್ರವಲ್ಲವೆ? ಗಂಟಲಿಗೆ ಒಗರು ಹಿಡಿಯುತ್ತದೆಂಬುದು ನಿಜ. ಹೋಳುಗಳನ್ನು ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ಇರಿಸಿ ತಿಂದರೆ ಒಗರು ತಗ್ಗುತ್ತದೆ.

ಸೊಪ್ಪುಗಳಲ್ಲಿ ನುಗ್ಗೆ, ಕೆಂಪು ಹರಿವೆ, ಬಸಳೆ, ಒಂದೆಲಗ, ಕೆಸು ಇವೆಲ್ಲ ಕೈಗೆಟುಕುವಂತಹವು. ನುಗ್ಗೆಸೊಪ್ಪಿನಲ್ಲಿ 'ಎ' ಜೀವಸತ್ವವಾಗಿ ಮಾರ್ಪಡುವ ಬೀಟಾ ಕೆರೋಟಿನ್ ಯಥೇಚ್ಛವಾಗಿದೆ. ಮಳೆಗಾಲದಲ್ಲಿ ಬಯಲಿನಲ್ಲಿ ತಾನಾಗಿ ಹುಟ್ಟುವ ತಗಟೆ ಸೊಪ್ಪಿನ ಚಿಗುರನ್ನೂ ನಮ್ಮ ಹಿರಿಯರು ಬಿಟ್ಟವರಲ್ಲ. ಕುಮಟಾ ಕಡೆಯ ಸಿಹಿ ಈರುಳ್ಳಿಯನ್ನು ಬೇಸಿಗೆಯಲ್ಲಿ ಜಡೆ ಹೆಣೆದು ಹೆದ್ದಾರಿಯ ಬದಿಯಲ್ಲಿ ತೂಗುಹಾಕಿ ಮಾರುವುದನ್ನು ಎಲ್ಲರೂ ನೋಡಿದ್ದೇವೆ. ಈರುಳ್ಳಿಯಲ್ಲಿ ಕ್ವೆರ್ಸೆಟಿನ್ ಎಂಬ ಉತ್ಕರ್ಷಣ ನಿರೋಧಕವಿದೆ. ಅದನ್ನು ಗುಳಿಗೆಯಾಗಿ ಮಾರುವವರೂ ಇದ್ದಾರೆ.

ಸಮುದ್ರದ ಬದಿಯಿಂದ ಬರುವುದು ತಾರಲೆ, ಬಂಗಡೆ ಮತ್ತು ಹೊಳೆಯ ಬಳಚು. ಮೀನಿನಲ್ಲಿ ಸೆಲೆನಿಯಮ್ ಇದೆ. ಬಳಚಿನಂತಹ ಚಿಪ್ಪುಜೀವಿಗಳಲ್ಲಿ ಕಬ್ಬಿಣ ಮತ್ತು ಸತು ಎರಡೂ ಇವೆ. ಸೊಪ್ಪಿನ ಪಲ್ಯದ ಜೊತೆಗೆ ಒಂದು ತುಂಡು ಮೀನು ತಿಂದರೆ ಸೊಪ್ಪಿನಲ್ಲಿರುವ ಕಬ್ಬಿಣವು ದೇಹಕ್ಕೆ ಇನ್ನಷ್ಟು ಚೆನ್ನಾಗಿ ಹತ್ತುತ್ತದೆ. ದೊಡ್ಡ ಮೀನೆಲ್ಲ ಮಾರಾಟಕ್ಕೆ ಹೋಗಿ, ಮನೆಗೆ ಉಳಿದ ಸಣ್ಣ ಮೀನೂ ಗಂಡಸರ ತಟ್ಟೆಯಲ್ಲಿಯೇ ಮುಗಿದು, ಬಸುರಿಯ ಪಾಲಿಗೆ ಬರೀ ಸಾರು ಉಳಿಯುವ ಮನೆಗಳಿವೆ. ಅಂತಹ ಮನೆಗಳಲ್ಲಿ ಕೊರತೆಯಾಗಿರುವುದು ಶೀಶೆಯಲ್ಲ, ಒಂದು ತುಂಡು ಮೀನು.

ಉಪ್ಪಾಗೆಯ ಪ್ರಯಾಣ

ಮುರುಗಲಿನ ದಾಯಾದಿಯಾದ ಉಪ್ಪಾಗೆಯ ಕಥೆಯನ್ನು ಇಲ್ಲಿ ಹೇಳುವುದು ಸೂಕ್ತ. ನಮ್ಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಈ ಹಣ್ಣಿನ ಸಿಪ್ಪೆಯನ್ನು ಮಳೆಗಾಲದಲ್ಲಿ ಆಯ್ದು, ಬಿಸಿಲಿಲ್ಲದ ಕಾರಣ ಬೆಂಕಿಯ ಶಾಖದಲ್ಲಿ ಒಣಗಿಸಿ ಮಾರುವುದು ಉತ್ತರ ಕನ್ನಡದ ಅನೇಕ ಕುಟುಂಬಗಳ ಆದಾಯದ ಒಂದು ಭಾಗ. ಬೀಜದಿಂದ ತೆಗೆಯುವ ಉಪ್ಪಾಗೆ ತುಪ್ಪವನ್ನು ಘಟ್ಟದ ಮೇಲಿನವರು ಅಡುಗೆಗೆ ಬಳಸಿದ್ದಾರೆ. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲವು ದೇಹದ ಕೊಬ್ಬನ್ನು ಕರಗಿಸುತ್ತದೆಂಬ ಪ್ರಚಾರವು 1990ರ ದಶಕದಲ್ಲಿ ವಿದೇಶಗಳಲ್ಲಿ ಹಬ್ಬಿತು. ಬೇಡಿಕೆ ಏರಿತು. ಹಣ್ಣಿಗಾಗಿ ಕೊಂಬೆಗಳನ್ನೇ ಕಡಿಯುವವರೆಗೂ ಕೆಲವೆಡೆ ಹೋಯಿತು.

1998ರಲ್ಲಿ ಅಮೆರಿಕದ ವೈದ್ಯರು ತೂಕ ಹೆಚ್ಚಾಗಿದ್ದ 135 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಉಪ್ಪಾಗೆಯ ಸಾರವನ್ನೂ ಇನ್ನೊಂದಕ್ಕೆ ಅದೇ ರೂಪದ ನಿಸ್ಸಾರ ಗುಳಿಗೆಯನ್ನೂ 12 ವಾರಗಳ ಕಾಲ ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಸಾರವನ್ನು ತಿಂದವರ ತೂಕ ತಿನ್ನದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಮುಂದಿನ ವರ್ಷಗಳಲ್ಲಿ, ಉಪ್ಪಾಗೆಯ ಗಟ್ಟಿ ಸಾರವಿರುವ ತೂಕ ಇಳಿಸುವ ಗುಳಿಗೆಗಳನ್ನು ತಿಂದ ಕೆಲವರ ಯಕೃತ್ತಿಗೆ ತೀವ್ರ ಹಾನಿಯಾದ ವರದಿಗಳೂ ವೈದ್ಯ ಪತ್ರಿಕೆಗಳಲ್ಲಿ ಬಂದವು. ಸಾರಿಗೆ ಒಂದೆರಡು ಎಸಳು ಹುಳಿ ಹಾಕುವವರಿಗೆ ಇಂತಹ ಭಯವಿಲ್ಲ. ಅದೇ ಹಣ್ಣು, ಅದೇ ಹುಳಿ. ಆದರೆ ಅಡುಗೆಯ ಪ್ರಮಾಣವೇ ಬೇರೆ, ಗುಳಿಗೆಯ ಪ್ರಮಾಣವೇ ಬೇರೆ. 'ನೈಸರ್ಗಿಕ' ಎಂಬ ಪದದಿಂದ ಈ ಅಂತರವು ಮರೆಯಾಗಬಾರದು.

ಹೊರದೇಶಗಳಲ್ಲಿ ಪರೀಕ್ಷಿಸಿ ನೋಡಿದುದು

ಹಣ್ಣು ತರಕಾರಿಗಳನ್ನು ಹೆಚ್ಚಾಗಿ ತಿನ್ನುವ ಜನರಲ್ಲಿ ಹೃದ್ರೋಗವೂ ಕೆಲವು ಬಗೆಯ ಅರ್ಬುದವೂ ಕಡಮೆಯೆಂಬುದು ಬಹಳ ಕಾಲದಿಂದ ತಿಳಿದ ಸಂಗತಿ. ಹಾಗಾದರೆ ಹಣ್ಣಿನಲ್ಲಿರುವ ಉತ್ಕರ್ಷಣ ನಿರೋಧಕವನ್ನು ಬೇರ್ಪಡಿಸಿ ಗುಳಿಗೆಯಾಗಿ ಕೊಟ್ಟರೆ ಅದೇ ಲಾಭವಾಗಬೇಕಲ್ಲವೆ ಎಂದು ವಿಜ್ಞಾನಿಗಳು ಯೋಚಿಸಿದರು. ಯೋಚನೆ ಸಮಂಜಸವಾಗಿಯೇ ಇತ್ತು. ಫಿನ್‌ಲೆಂಡ್ ದೇಶದಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ಐದರಿಂದ ಎಂಟು ವರ್ಷಗಳ ಕಾಲ ಪ್ರಯೋಗ ನಡೆಯಿತು. 1994ರಲ್ಲಿ ಪ್ರಕಟವಾದ ಫಲಿತಾಂಶವು ಎಲ್ಲರನ್ನೂ ಬೆರಗುಗೊಳಿಸಿತು. ಬೀಟಾ ಕೆರೋಟಿನ್ ಗುಳಿಗೆಯನ್ನು ತಿಂದವರಲ್ಲಿ ಶ್ವಾಸಕೋಶದ ಅರ್ಬುದವು ಕಡಮೆಯಾಗುವ ಬದಲು ನೂರಕ್ಕೆ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ಧೂಮಪಾನಿಗಳು ಮತ್ತು ಕಲ್ನಾರಿನ ಕೆಲಸಗಾರರ ಮೇಲೆ ನಡೆಯುತ್ತಿದ್ದ ಇಂತಹುದೇ ಇನ್ನೊಂದು ದೊಡ್ಡ ಪ್ರಯೋಗವನ್ನು, ಅಲ್ಲಿಯೂ ಕೇಡೇ ಕಂಡುಬಂದುದರಿಂದ, 1996ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು.

ಬೀಡಿ ಸೇದುವ ಗಂಡಂದಿರು ಈ ಮಾತನ್ನು ಎರಡು ಸಲ ಓದಬೇಕು. "ದಿನಕ್ಕೊಂದು ಗುಳಿಗೆ ನುಂಗುತ್ತೇನೆ, ಹೊಗೆಯ ವಿಷ ಕಳೆಯುತ್ತದೆ" ಎಂಬ ಲೆಕ್ಕವು ಸುಳ್ಳೆಂದಷ್ಟೇ ಅಲ್ಲ, ತಿರುಗುಮುರುಗೆಂದು ಈ ಪ್ರಯೋಗಗಳು ತೋರಿಸಿವೆ. ಹೊಗೆಯು ಸೇದುವವನ ಶ್ವಾಸಕೋಶದಲ್ಲಿಯೇ ನಿಲ್ಲದೆ, ಪಕ್ಕದಲ್ಲಿ ಮಲಗಿದ ಬಸುರಿಯನ್ನೂ ಹೊಟ್ಟೆಯ ಕೂಸನ್ನೂ ಮುಟ್ಟುತ್ತದೆ. ಕೂಸಿನ ತೂಕ ಕಡಮೆಯಾಗುವುದಕ್ಕೆ ಅದೂ ಒಂದು ಕಾರಣ. ಶೀಶೆಯನ್ನೂ ಕೊಳ್ಳದೆ ಬೀಡಿಯನ್ನೂ ಬಿಟ್ಟರೆ ಎರಡು ಕಡೆಯ ಹಣವೂ ಉಳಿಯುತ್ತದೆ.

ಬಸುರಿಯರಲ್ಲಿ ರಕ್ತದೊತ್ತಡವೇರಿ, ಕೈಕಾಲು ಮುಖಗಳು ಬಾತು, ಕೆಲವು ವೇಳೆ ಸೆಳವು ಬಂದು ತಾಯಿಮಕ್ಕಳ ಪ್ರಾಣಕ್ಕೆ ಅಪಾಯವಾಗುವ ನಂಜಿನ ರೋಗವೊಂದಿದೆ. ಅದರ ಮೂಲದಲ್ಲಿ ಉತ್ಕರ್ಷಣದ ಪಾತ್ರವಿರಬಹುದೆಂಬ ತರ್ಕದಿಂದ, ಅಪಾಯವಿರುವ ಸುಮಾರು 2,400 ಬಸುರಿಯರ ಮೇಲೆ ಪ್ರಯೋಗವೊಂದನ್ನು ನಡೆಸಿ ಬ್ರಿಟನ್ನಿನ ವೈದ್ಯರು 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅರ್ಧ ಜನರಿಗೆ 'ಸಿ' ಮತ್ತು 'ಇ' ಜೀವಸತ್ವಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಡಲಾಗಿತ್ತು. ರೋಗವು ಕಡಮೆಯಾಗಲಿಲ್ಲ, ಗುಳಿಗೆ ತಿಂದವರಲ್ಲಿ ತೂಕ ಕಡಮೆಯ ಕೂಸುಗಳು ಹೆಚ್ಚಾಗಿ ಹುಟ್ಟಿದವು. ಬೇರೆ ಪ್ರಯೋಗಗಳಲ್ಲಿಯೂ ಲಾಭವು ಕಾಣಲಿಲ್ಲ. ತಾಯಿಗೂ ಕೂಸಿಗೂ ಒಳ್ಳೆಯದಾಗುತ್ತದೆಂಬ ಉದ್ದೇಶದಿಂದ ಬಸುರಿಯರಿಗೆ ಈ ಎರಡು ಜೀವಸತ್ವಗಳ ಗುಳಿಗೆಗಳನ್ನು ಕೊಡುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಶಿಫಾರಸು ಮಾಡಿತು. 'ಎ' ಜೀವಸತ್ವದ ವಿಷಯದಲ್ಲಿ ಇನ್ನೂ ಎಚ್ಚರಿಕೆ ಅಗತ್ಯ. ಸೊಪ್ಪು, ಗಜ್ಜರಿ, ಪಪಾಯಿಗಳಲ್ಲಿ ಬರುವ ಬಣ್ಣದ ವಸ್ತುವಿನಿಂದ ಕೂಸಿಗೆ ಕೇಡಿಲ್ಲ. ಆದರೆ ರೆಟಿನಾಲ್ ರೂಪದ 'ಎ' ಜೀವಸತ್ವವನ್ನು ಮಿತಿಮೀರಿ ಗುಳಿಗೆಯಾಗಿ ತಿಂದರೆ ಗರ್ಭದ ಮೊದಲ ತಿಂಗಳುಗಳಲ್ಲಿ ಕೂಸಿನ ಅಂಗಗಳು ವಿಕೃತವಾಗುವ ಭಯವಿದೆ.

ಬಸುರಿಗೆ ನಿಜವಾಗಿ ಬೇಕಾದುದು

ಈ ಪಾಠದ ಮುಖ್ಯ ವಿಷಯಕ್ಕೆ ಈಗ ಬಂದೆವು. ಆಯಾಸ, ತಲೆಸುತ್ತು, ಏದುಸಿರು, ರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುವುದು, ಇವು ನಮ್ಮ ನಾಡಿನ ಬಸುರಿಯರಲ್ಲಿ ಬಹುತೇಕ ರಕ್ತಹೀನತೆಯ ಚಿಹ್ನೆಗಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಬಸುರಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನರು. ಕರ್ನಾಟಕದಲ್ಲಿಯೂ ನೂರಕ್ಕೆ ಸುಮಾರು 46. ರಕ್ತದ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕೆಳಗಿದ್ದರೆ ಬಸುರಿನಲ್ಲಿ ಅದು ರಕ್ತಹೀನತೆ. 7ಕ್ಕಿಂತ ಕೆಳಗಿದ್ದರೆ ಪ್ರಾಣಕ್ಕೆ ಸಂಚಕಾರ. ಅಂತಹ ತಾಯಿಗೆ ಹೆರಿಗೆಯ ವೇಳೆ ಸಾಧಾರಣ ರಕ್ತಸ್ರಾವವಾದರೂ ತಡೆದುಕೊಳ್ಳುವ ಶಕ್ತಿಯಿರುವುದಿಲ್ಲ.

ಉತ್ಕರ್ಷಣ ನಿರೋಧಕದ ಶೀಶೆಯು ಈ ಕೊರತೆಯನ್ನು ತುಂಬಲಾರದು, ಏಕೆಂದರೆ ಕೊರತೆಯಾಗಿರುವುದು ಬಹುಪಾಲು ಕಬ್ಬಿಣ ಮತ್ತು ಫೋಲಿಕ್ ಆಮ್ಲ. ಇವುಗಳನ್ನು ಗುಳಿಗೆಯ ರೂಪದಲ್ಲಿ ಬಸುರಿಯರಿಗೆ ಉಚಿತವಾಗಿ ಕೊಡುವ ಕಾರ್ಯಕ್ರಮವು ನಮ್ಮ ದೇಶದಲ್ಲಿ 1970ರಿಂದ ನಡೆದುಬಂದಿದೆ. 2018ರಲ್ಲಿ ಅದಕ್ಕೆ 'ರಕ್ತಹೀನತೆ ಮುಕ್ತ ಭಾರತ' ಎಂಬ ಹೊಸ ರೂಪ ಬಂದಿತು. ಒಂದು ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತವೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ಅನಂತರ ಮತ್ತೆ 180 ದಿನ ಇದನ್ನು ಸೇವಿಸಬೇಕು. ರಕ್ತಹೀನತೆ ಇರುವವರಿಗೆ ವೈದ್ಯರು ಪ್ರಮಾಣವನ್ನು ಹೆಚ್ಚಿಸುತ್ತಾರೆ.

ಗುಳಿಗೆ ಮನೆಗೆ ಬಂದರೂ ಹೊಟ್ಟೆಗೆ ಹೋಗದಿರುವುದೇ ದೊಡ್ಡ ತೊಡಕು. ಆರೋಗ್ಯ ಸಹಾಯಕಿಯೊಬ್ಬರು ಮನೆಗೆ ಭೇಟಿ ಕೊಟ್ಟಾಗ ನಡೆಯುವ ಮಾತುಕತೆ ಸಾಮಾನ್ಯವಾಗಿ ಹೀಗಿರುತ್ತದೆ:

"ತಂಗೀ, ಗುಳಿಗೆ ತೆಗೆದುಕೊಳ್ಳುತ್ತಿದ್ದೀಯಾ?"

"ನಾಲ್ಕು ದಿನ ತಿಂದೆ ಅಕ್ಕೋರೆ. ಹೊಟ್ಟೆ ತೊಳಸಿ ವಾಂತಿ ಬಂದ ಹಾಗಾಯಿತು. ಮಲವೂ ಕಪ್ಪಾಯಿತು. ಹೆದರಿಕೆಯಾಗಿ ಬಿಟ್ಟೆ."

"ಮಲ ಕಪ್ಪಾಗುವುದು ಕಬ್ಬಿಣದ ಬಣ್ಣ, ಅದರಿಂದ ಏನೂ ಕೇಡಿಲ್ಲ. ಬರಿಹೊಟ್ಟೆಯಲ್ಲಿ ಆಗದಿದ್ದರೆ ರಾತ್ರಿ ಊಟವಾದ ಮೇಲೆ ನುಂಗಿ ಮಲಗು. ಹೊಟ್ಟೆ ಕೆಲವು ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ."

ಅತ್ತೆ ನಡುವೆ ಬಾಯಿ ಹಾಕುತ್ತಾರೆ: "ಆ ಗುಳಿಗೆ ತಿಂದರೆ ಕೂಸು ಕಪ್ಪಾಗುತ್ತದಂತೆ, ಬಹಳ ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದಂತೆ, ಹೌದೋ?"

"ಅಮ್ಮಾ, ಕೂಸಿನ ಬಣ್ಣ ತಂದೆತಾಯಿಯರಿಂದ ಬರುವಂಥದು, ಗುಳಿಗೆಯಿಂದಲ್ಲ. ತಾಯಿಯ ರಕ್ತ ಸರಿಯಾಗಿದ್ದರೆ ಕೂಸು ತೂಕವಾಗಿ ಹುಟ್ಟುತ್ತದೆ. ಅದರಿಂದ ಹೆರಿಗೆ ಕಷ್ಟವಾಗುವುದಿಲ್ಲ. ಹೆರಿಗೆಯ ಕಷ್ಟ ರಕ್ತವಿಲ್ಲದ ತಾಯಿಗೇ ಹೆಚ್ಚು."

ಇಷ್ಟರ ಮೇಲೆ, ಗುಳಿಗೆಯನ್ನು ಚಹದೊಡನೆಯಾಗಲಿ, ಚಹ ಕುಡಿದ ಕೂಡಲೇ ಆಗಲಿ ನುಂಗಬಾರದು. ಚಹದಲ್ಲಿರುವ ಒಗರು ಕಬ್ಬಿಣವನ್ನು ಹಿಡಿದಿಟ್ಟುಬಿಡುತ್ತದೆ. ಸುಣ್ಣದ ಅಂಶವಿರುವ ಕ್ಯಾಲ್ಸಿಯಂ ಗುಳಿಗೆಯನ್ನೂ ಇದರ ಜೊತೆಗೆ ಸೇರಿಸದೆ, ಕನಿಷ್ಠ ಎರಡು ಗಂಟೆಯ ಅಂತರವಿಟ್ಟು ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು. ಇನ್ನು, ನೆಲ್ಲಿಕಾಯಿ ಇಲ್ಲಿ ತನ್ನ ನಿಜವಾದ ಕೆಲಸವನ್ನು ಮಾಡುತ್ತದೆ. 'ಸಿ' ಜೀವಸತ್ವವು ಕಬ್ಬಿಣವನ್ನು ದೇಹವು ಹೀರಿಕೊಳ್ಳಬಲ್ಲ ರೂಪದಲ್ಲಿ ಉಳಿಸುತ್ತದೆ. ಆದುದರಿಂದ ಗುಳಿಗೆಯೊಡನೆ ನಿಂಬೆಯ ಪಾನಕ, ಊಟದೊಡನೆ ಹಸಿ ನೆಲ್ಲಿಯ ಚಟ್ನಿ ಅಥವಾ ತಂಬುಳಿ, ಊಟದ ಅನಂತರ ಪೇರಲದ ಹೋಳು ಇದ್ದರೆ ಸೊಪ್ಪು, ಕಾಳು, ಮೀನು, ಗುಳಿಗೆ ನಾಲ್ಕರಿಂದಲೂ ಬರುವ ಕಬ್ಬಿಣವು ಹೆಚ್ಚು ಸಾರ್ಥಕವಾಗುತ್ತದೆ. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡುವುದನ್ನು ಒಲೆಯಿಂದ ಇಳಿಸಿದ ಮೇಲೆಯೇ ಮಾಡಬೇಕು. ಕುದಿಯುವಾಗ ಹಿಂಡಿದರೆ ಆ ಜೀವಸತ್ವ ಕೆಡುತ್ತದೆ.

ಹೊಟ್ಟೆಯ ಹುಳುಗಳೂ ರಕ್ತವನ್ನು ಹೀರುತ್ತವೆ. ಬರಿಗಾಲಿನಲ್ಲಿ ಹಸಿ ಮಣ್ಣಿನ ಮೇಲೆ ಓಡಾಡುವವರಿಗೆ ಕೊಕ್ಕೆಹುಳು ತಗಲುವುದು ಸುಲಭ. ಬಸುರಿಯರಿಗೆ ಮೂರು ತಿಂಗಳು ಕಳೆದ ಮೇಲೆ ಆರೋಗ್ಯ ಕೇಂದ್ರದಲ್ಲಿ ಹುಳುವಿನ ಔಷಧಿಯನ್ನು ಒಂದು ಸಲ ಕೊಡುತ್ತಾರೆ. ಅಂಗಡಿಯಿಂದ ತಾವೇ ತಂದು ನುಂಗಬಾರದು.

ಬಸುರಾಗಬೇಕೆಂದಿರುವ ದಂಪತಿಗಳಿಗೆ ಮತ್ತೊಂದು ಮಾತು. ಕೂಸಿನ ಬೆನ್ನುಹುರಿಯು ಗರ್ಭ ನಿಂತ ಮೊದಲ ನಾಲ್ಕು ವಾರಗಳಲ್ಲಿಯೇ, ಅನೇಕ ವೇಳೆ ತಾಯಿಗೆ ತಾನು ಬಸುರಿಯೆಂದು ತಿಳಿಯುವ ಮೊದಲೇ, ರೂಪುಗೊಳ್ಳುತ್ತದೆ. ಹಿಂದೆ ಬೆನ್ನುಹುರಿಯ ದೋಷವಿರುವ ಕೂಸನ್ನು ಹೆತ್ತ ತಾಯಂದಿರಿಗೆ ಫೋಲಿಕ್ ಆಮ್ಲವನ್ನು ಮುಂಚಿತವಾಗಿ ಕೊಟ್ಟರೆ ಅದೇ ದೋಷವು ಮರುಕಳಿಸುವುದನ್ನು ನಾಲ್ಕರಲ್ಲಿ ಸುಮಾರು ಮೂರು ಪಾಲು ತಡೆಯಬಹುದೆಂದು 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದು ಸ್ಥಿರಪಡಿಸಿತು. ಆದುದರಿಂದ ಮಗು ಬೇಕೆಂದು ನಿಶ್ಚಯಿಸಿದ ದಿನವೇ ಆರೋಗ್ಯ ಕೇಂದ್ರಕ್ಕೆ ಹೋಗಿ ಫೋಲಿಕ್ ಆಮ್ಲದ ಗುಳಿಗೆಯನ್ನು ಕೇಳಬೇಕು. ಗುಳಿಗೆ ಎಂದರೆಲ್ಲ ಅನುಮಾನಪಡಬೇಕೆಂದು ಈ ಪಾಠದ ಅರ್ಥವಲ್ಲ. ಪರೀಕ್ಷೆಯಲ್ಲಿ ಗೆದ್ದ ಗುಳಿಗೆ ಬೇರೆ, ಪ್ರಚಾರದಲ್ಲಿ ಗೆದ್ದ ಗುಳಿಗೆ ಬೇರೆ.

ಮಕ್ಕಳಾಗದಿರುವ ದಂಪತಿಗಳು

ಮದುವೆಯಾಗಿ ವರ್ಷಗಳು ಕಳೆದರೂ ಸಂತಾನವಿಲ್ಲದವರ ದುಃಖವನ್ನು ಬಂಡವಾಳ ಮಾಡಿಕೊಳ್ಳುವವರು ಹಲವರು. ಗಂಡಸರ ವೀರ್ಯದ ಬಲಕ್ಕೆ ಉತ್ಕರ್ಷಣ ನಿರೋಧಕಗಳು ರಾಮಬಾಣವೆಂಬ ಮಾತು ಇಂದು ಬಹಳವಾಗಿ ಕೇಳಿಬರುತ್ತಿದೆ. ವೀರ್ಯದೋಷವಿದ್ದ ಸುಮಾರು 170 ಗಂಡಸರಿಗೆ 'ಸಿ', 'ಇ' ಜೀವಸತ್ವಗಳು, ಸೆಲೆನಿಯಮ್, ಸತು ಮುಂತಾದವುಗಳನ್ನು ಸೇರಿಸಿದ ಗುಳಿಗೆಯನ್ನೋ ನಿಸ್ಸಾರ ಗುಳಿಗೆಯನ್ನೋ ಕೊಟ್ಟು ಅಮೆರಿಕದಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಗುಳಿಗೆಯಿಂದ ವೀರ್ಯವೂ ಸುಧಾರಿಸಲಿಲ್ಲ, ಹುಟ್ಟಿದ ಮಕ್ಕಳ ಸಂಖ್ಯೆಯೂ ಏರಲಿಲ್ಲ. ಒಂದು ವರ್ಷ ಒಟ್ಟಿಗೆ ಬಾಳಿಯೂ ಗರ್ಭ ನಿಲ್ಲದಿದ್ದರೆ ಗಂಡ ಹೆಂಡತಿ ಇಬ್ಬರೂ ವೈದ್ಯರನ್ನು ಕಾಣಬೇಕು. ಹೆಂಡತಿಯನ್ನು ಮಾತ್ರ ಒಬ್ಬ ವೈದ್ಯರಿಂದ ಇನ್ನೊಬ್ಬರಲ್ಲಿಗೆ ಅಲೆದಾಡಿಸಿ, ಗಂಡನ ಪರೀಕ್ಷೆಯನ್ನು ಕೊನೆಗೆ ಉಳಿಸುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ. ಗಂಡಿನ ಪರೀಕ್ಷೆಯೇ ಎಲ್ಲಕ್ಕಿಂತ ಸುಲಭವಾದುದು.

ಕೊಳ್ಳುವ ಮುನ್ನ

ಇಷ್ಟನ್ನೆಲ್ಲ ತಿಳಿದೂ ಶೀಶೆಯೊಂದು ಮನೆಗೆ ಬಂದೇ ಬಂದಿತೆಂದು ಭಾವಿಸೋಣ. ಅದರ ಚೀಟಿಯನ್ನು ಓದಬೇಕು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಪ್ರಕಾರ ಅದರ ಮೇಲೆ 14 ಅಂಕಿಗಳ ಪರವಾನಗಿ ಸಂಖ್ಯೆ ಇರಬೇಕು. ಆ ಕಾಯಿದೆಯಡಿ 2016ರಲ್ಲಿ ಮಾಡಿದ ನಿಯಮಗಳಂತೆ, ಇಂತಹ ಪೂರಕ ಆಹಾರಗಳ ಮೇಲೆ 'ಔಷಧೀಯ ಬಳಕೆಗಲ್ಲ' ಎಂಬ ಅರ್ಥದ ಮಾತನ್ನು ಮುದ್ರಿಸಲೇಬೇಕು. ಮುದ್ರಣವು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರಗಳಲ್ಲಿ ಇರುವುದರಿಂದ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಬಹುದು. ಶೀಶೆಯ ಮೇಲೆ ಔಷಧಿಯಲ್ಲವೆಂದು ಬರೆದು ಬಾಯಲ್ಲಿ ಔಷಧಿಯೆಂದು ಮಾರುವವರ ಯಾವ ಮಾತನ್ನು ನಂಬಬೇಕೆಂಬುದನ್ನು ಓದುಗರೇ ತೀರ್ಮಾನಿಸಲಿ. ಅರ್ಬುದ, ಸಕ್ಕರೆ ಕಾಯಿಲೆ, ಬಂಜೆತನ ಮೊದಲಾದವುಗಳನ್ನು ಗುಣಪಡಿಸುವುದಾಗಿ ಔಷಧಿಗಳ ಜಾಹೀರಾತು ಕೊಡುವುದನ್ನು 1954ರ ಕೇಂದ್ರ ಕಾಯಿದೆಯೊಂದು ನಿಷೇಧಿಸಿದೆ.

ಬಸುರಿಯು ಶೀಶೆಯಲ್ಲಿರುವುದನ್ನು ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮುಚ್ಚಿಡಬಾರದು. ಗದರಿಸುತ್ತಾರೆಂಬ ಭಯವೂ ಬೇಡ. ಪ್ರತಿ ತಿಂಗಳ 9ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ಇರುತ್ತದೆ. ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಅಷ್ಟು ದೂರ ಆಗದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ಆ ದಿನ ತಾಯಿ ಕಾರ್ಡಿನೊಡನೆ ಮನೆಯಲ್ಲಿರುವ ಎಲ್ಲ ಗುಳಿಗೆ, ಪುಡಿ, ಕಷಾಯ, ಶೀಶೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲಿಟ್ಟು ಕೇಳಬೇಕು. ಹಿಮೋಗ್ಲೋಬಿನ್ ಎಷ್ಟಿದೆಯೆಂಬುದನ್ನು ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು. ಕಳೆದ ಸಲದ ಅಂಕಿಯೊಡನೆ ಹೋಲಿಸಿ ನೋಡಬೇಕು. ಮೀನುಗಾರಿಕೆಯ ನಿಷೇಧವಿರುವ ಎರಡು ತಿಂಗಳುಗಳಲ್ಲಿ ಗಂಡನಿಗೂ ಬಿಡುವಿರುವುದರಿಂದ ಜೂನ್ ಮತ್ತು ಜುಲೈ 9ರಂದು ಅವನೂ ಜೊತೆಗೆ ಹೋಗಬಹುದು.